ನಂತರ ಫೆಲೋಶಿಪ್

ನಮ್ಮ ಕ್ಲಬ್ಬಿನ ಯಾವ ಆಮಂತ್ರಣ ಪತ್ರಿಕೆ ತೆಗೆದು ನೋಡಿದರೂ ಕೊನೆಯ ಸಾಲು ಒಂದೇ: ‘ನಂತರ ಫೆಲೋಶಿಪ್’. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಪದಗ್ರಹಣ, ಮುಖ್ಯ ಅತಿಥಿಗಳ ಭಾಷಣ, ವಂದನಾರ್ಪಣೆ ಅಂತ ಕನ್ನಡದಲ್ಲೇ ಇಳಿದುಬಂದ ಪತ್ರಿಕೆ ಊಟದ ಹತ್ತಿರ ಬಂದಾಗ ಮಾತ್ರ ಇಂಗ್ಲಿಷಿಗೆ ತಿರುಗುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ ತಿಂಗಳಲ್ಲೇ ತಿಳಿಯುತ್ತದೆ, ಫೆಲೋಶಿಪ್ ಎಂದರೆ ಊಟ ಎಂದು. ಇನ್ನೂ ಸ್ವಲ್ಪ ಹಳಬರಾದ ಮೇಲೆ ತಿಳಿಯುತ್ತದೆ, ಅದು ಊಟ ಅಲ್ಲ, ಊಟಕ್ಕೆ ಮುಂಚೆ ಹಿಂದಿನ ಕೋಣೆಯಲ್ಲಿ ನಡೆಯುವುದು ಎಂದು. ‘ಇವತ್ತು ಫೆಲೋಶಿಪ್ ಇದೆಯಾ, ಬರೀ ಊಟವಾ?’ ಎಂದು ಫೋನಿನಲ್ಲಿ ಕೇಳಿ ನಿರ್ಧಾರ ಮಾಡುವ ಸದಸ್ಯರು ನಮ್ಮಲ್ಲಿ ನಾಲ್ಕೈದು ಜನ ಇದ್ದಾರೆ.

ಕ್ಲಬ್ಬಿನ ಬುಲೆಟಿನ್ ಕನ್ನಡದಲ್ಲಿ ತರೋಣ ಎಂದು ತೀರ್ಮಾನವಾದಾಗ ಈ ಪದಕ್ಕೆ ಕನ್ನಡ ಹುಡುಕುವ ಕೆಲಸ ನನಗೆ ಬಿತ್ತು. ‘ಸ್ನೇಹಕೂಟ’ ಎಂದರೆ ವರ್ಗಾವಣೆಯಾದ ತಹಸೀಲ್ದಾರರಿಗೆ ಹಾರ ಹಾಕಿ ಬೀಳ್ಕೊಡುವ ವಾಸನೆ ಬರುತ್ತದೆ. ‘ಭ್ರಾತೃತ್ವ’ ಎಂದರೆ ಅಣ್ಣತಮ್ಮಂದಿರಿಗೆ ಮಾತ್ರ. ಅದನ್ನು ನಾನೇ ಹೊಡೆದುಹಾಕಿದೆ. ‘ಒಡನಾಟ’ ಹತ್ತಿರ ಬಂತು, ಆದರೆ ರಾತ್ರಿ ಎಂಟೂವರೆಯಿಂದ ಹತ್ತರವರೆಗೆ ಒಡನಾಟ ಎಂದು ಅಚ್ಚು ಹಾಕಿಸಲು ಯಾಕೋ ಮನಸ್ಸು ಬರಲಿಲ್ಲ. ಕೊನೆಗೆ ಫೆಲೋಶಿಪ್ ಎಂದೇ ಬಿಟ್ಟೆವು.

ನಮ್ಮದು ರೋಟರಿಯೋ ಲಯನ್ಸೋ ಎಂದು ಇಲ್ಲಿ ಹೇಳುವುದಿಲ್ಲ. ನಮ್ಮೂರಿನವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗಿ ಆಗಬೇಕಾದ್ದು ಏನೂ ಇಲ್ಲ. ಎರಡೂ ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ. ಲಯನ್ಸ್ 1917ರದ್ದು, ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯಾಪಾರಿಯ ಕೆಲಸ. ರೋಟರಿ ಅದಕ್ಕಿಂತ ಹನ್ನೆರಡು ವರ್ಷ ಹಿಂದಿನದು, ಮತ್ತು ಅದರ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. ಪಾಲ್ ಹ್ಯಾರಿಸ್ ಎಂಬ ವಕೀಲ ವರ್ಮಾಂಟಿನ ಒಂದು ಸಣ್ಣ ಊರಿನಲ್ಲಿ ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದವನು. 1896ರಲ್ಲಿ ಶಿಕಾಗೋಕ್ಕೆ ಬಂದು ಕಚೇರಿ ತೆರೆದ. ಕಕ್ಷಿಗಾರರು ಬಂದರು, ಸ್ನೇಹಿತರು ಬರಲಿಲ್ಲ. ದೊಡ್ಡ ಊರಿನಲ್ಲಿ ಭಾನುವಾರ ಒಬ್ಬನೇ ತಿರುಗುವ ಸಣ್ಣ ಊರಿನವನ ಸ್ಥಿತಿ ಅದು. ನಮ್ಮ ಕಡೆಯ ಹುಡುಗರು ಬೆಂಗಳೂರಿಗೆ ಹೋದ ಹೊಸತರಲ್ಲಿ ಮನೆಗೆ ಫೋನ್ ಮಾಡಿ ಏನೂ ಮಾತಾಡದೆ ಸುಮ್ಮನೆ ಇರುತ್ತಾರಲ್ಲ, ಹಾಗೆ. 1905ರ ಫೆಬ್ರವರಿ 23ರ ಸಂಜೆ ಹ್ಯಾರಿಸ್ ಮೂವರನ್ನು ಕೂಡಿಸಿದ. ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಒಂದು ಸಲ ಒಬ್ಬರ ಕಚೇರಿ, ಮುಂದಿನ ಸಲ ಇನ್ನೊಬ್ಬರದು ಎಂದು ಸರದಿಯಲ್ಲಿ ಸೇರುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. ಆಮೇಲೆ ಬಂದ ಹ್ಯಾರಿ ರಗಲ್ಸ್ ಎಂಬ ಮುದ್ರಕ ಸಭೆಯಲ್ಲಿ ಎಲ್ಲರಿಂದ ಹಾಡು ಹಾಡಿಸುವ ರೂಢಿ ಹಾಕಿದ. ಊರಿಗೊಂದು ಸಾರ್ವಜನಿಕ ಶೌಚಾಲಯ ಆಗಬೇಕೆಂದು ಅವರು ಓಡಾಡಲು ತೊಡಗಿದ್ದು 1907ರಲ್ಲಿ. ಅಂದರೆ ಮೊದಲು ಇದ್ದದ್ದು ಸೇವೆಯಲ್ಲ, ಒಂಟಿತನ. ನಮ್ಮ ಕ್ಲಬ್ಬಿನ ಪದಗ್ರಹಣಗಳಲ್ಲಿ ಈ ಕಥೆಯನ್ನು ಯಾರೂ ಹೇಳಿದ್ದು ಕೇಳಿಲ್ಲ. ಎಲ್ಲರೂ ಸೇವೆಯಿಂದಲೇ ಶುರು ಮಾಡುತ್ತಾರೆ.

ಆ ಮೊದಲ ಕ್ಲಬ್ಬಿನಲ್ಲಿ ಇನ್ನೊಂದು ನಿಯಮ ಇತ್ತು. ಯಾರೂ ಯಾರನ್ನೂ ‘ಮಿಸ್ಟರ್’ ಎನ್ನಬಾರದು, ಬರೀ ಹೆಸರು ಹಿಡಿದು ಕರೆಯಬೇಕು. ತಪ್ಪಿದರೆ ದಂಡ. ಇದು ಕನ್ನಡಕ್ಕೆ ಬರುವುದಿಲ್ಲ ಬಿಡಿ. ಎಪ್ಪತ್ತು ವರ್ಷದ ಡಾಕ್ಟರನ್ನು ನಾನು ಹೆಸರು ಹಿಡಿದು ಕರೆದರೆ ಅವರು ಏನೂ ಅನ್ನಲಿಕ್ಕಿಲ್ಲ, ನನ್ನ ಅಮ್ಮ ಮಾತ್ರ ಸುಮ್ಮನಿರಲಿಕ್ಕಿಲ್ಲ. ನಮ್ಮಲ್ಲಿ ಸ್ನೇಹದ ಅಳತೆ ಹೆಸರಿನಲ್ಲಿಲ್ಲ, ನೀವು ಹೋಗಿ ನೀನು ಆಗುವುದರಲ್ಲಿದೆ. ನಮ್ಮ ಕ್ಲಬ್ಬಿನಲ್ಲಿ ನಾನು ಕಂಡದ್ದು ಇದಕ್ಕೆ ಉಲ್ಟಾ. ಹೈಸ್ಕೂಲಿನಿಂದ ನೀನು ತಾನು ಎಂದುಕೊಂಡು ಬಂದವರು ಇಲ್ಲಿ ಬಂದು ಕೊರಳಿಗೆ ಕಾಲರ್ ಹಾಕಿಕೊಂಡ ಮೇಲೆ ‘ಸನ್ಮಾನ್ಯ ಅಧ್ಯಕ್ಷರೇ’, ‘ಗೌರವಾನ್ವಿತ ನಿಕಟಪೂರ್ವ ಅಧ್ಯಕ್ಷರೇ’ ಆಗಿಬಿಡುತ್ತಾರೆ. ವರ್ಷ ಮುಗಿದರೂ ಅದು ಇಳಿಯುವುದಿಲ್ಲ.

ನಾನು ಮೆಡಿಕಲ್ ಶಾಪ್ ಇಟ್ಟುಕೊಂಡವಳು. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ ನಮ್ಮದು, ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿಯಲ್ಲಿ ಅಂಗಡಿ. ಕ್ಲಬ್ಬಿಗೆ ಸೇರಿಸಿಕೊಂಡದ್ದು ಹೆಂಗಸರ ಸಂಖ್ಯೆ ಕಡಿಮೆ ಇದೆ ಎಂದು ಜಿಲ್ಲೆಯಿಂದ ಪತ್ರ ಬಂದ ವರ್ಷ. ರೋಟರಿ, ಲಯನ್ಸ್ ಎರಡಕ್ಕೂ ಹೆಂಗಸರ ಬಾಗಿಲು ತೆರೆಯಲು ಶುರುವಾದದ್ದು 1987ರಲ್ಲಿ. ರೋಟರಿಯಲ್ಲಿ ಅದಕ್ಕೆ ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ಕ್ಲಬ್ಬು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ನನಗೆ ಯಾವ ಕೋರ್ಟಿಗೂ ಹೋಗುವ ಕಷ್ಟ ಬರಲಿಲ್ಲ. ಒಂದು ಪಿನ್ನು ಚುಚ್ಚಿ, ಗುಲಾಬಿ ಕೊಟ್ಟು, ಮರುವರ್ಷವೇ ಫೆಲೋಶಿಪ್ ಕಮಿಟಿಯ ಅಧ್ಯಕ್ಷೆ ಮಾಡಿದರು. ‘ಊಟ ತಿಂಡಿ ವಿಷಯ ಅಲ್ವಾ, ನಿಮಗೆ ಸರಿಯಾಗತ್ತೆ ಅಕ್ಕಾ’ ಎಂದರು. ಮನೆಯಲ್ಲಿ ಅಡುಗೆ ಮಾಡುವುದು ನನ್ನ ಗಂಡ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಊಟ ತಿಂಡಿಯ ವಿಷಯ ಅಷ್ಟು ಸಣ್ಣದೂ ಅಲ್ಲ. ನಮ್ಮ ಸಭಾಭವನಕ್ಕೆ ಹಿಂದೆ ಎರಡು ಬಾಗಿಲು. ಬಲಗಡೆ ಸಸ್ಯಾಹಾರ, ಎಡಗಡೆ ಕೋಳಿ. ಎಡಗಡೆಯದಕ್ಕೆ ಒಳಗೊಂದು ಕೋಣೆ, ಅಲ್ಲಿ ನಿಜವಾದ ಫೆಲೋಶಿಪ್. ವಂದನಾರ್ಪಣೆ ಮುಗಿದ ಕೂಡಲೇ ಮೂವತ್ತು ಮೂವತ್ತೈದು ಜನ ಮೂರು ಪಾಲಾಗುತ್ತಾರೆ. ಹೆಂಗಸರು, ಮಕ್ಕಳು ಒಂದು ಪಾಲು, ಎಡದವರು, ಬಲದವರು. ಯಾರು ಯಾವ ಬಾಗಿಲಿಗೆ ಹೋದರು ಎಂದು ನೋಡಿದರೆ ಊರಿನ ಕೇರಿಗಳ ನಕ್ಷೆ ಬರೆಯಬಹುದು. ಕುಡಿಯುವವರ ಬಗ್ಗೆ ನನ್ನ ತಕರಾರಿಲ್ಲ, ಕೋಳಿಯ ಬಗ್ಗೆ ಮೊದಲೇ ಇಲ್ಲ. ಸಭೆಯಲ್ಲಿ ಒಂದೂವರೆ ತಾಸು ಭಾಷಣ ಕೇಳುತ್ತ ಮಾತ್ರ ಒಟ್ಟಿಗೆ ಕೂತು, ಮಾತಾಡುವ ಹೊತ್ತು ಬಂದಾಗ ಬೇರೆಯಾಗುವುದಕ್ಕೆ ಅಷ್ಟು ಚಂದಾ ಯಾಕೆ ಕಟ್ಟಬೇಕು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಕಮಿಟಿ ಸಿಕ್ಕಿತಲ್ಲ, ನಾನೂ ಕಾರ್ಯಕ್ರಮ ಹಾಕಿದೆ. ಜೋಗಕ್ಕೆ ಕುಟುಂಬ ಸಮೇತ ಹೋದೆವು. ತಂಬೋಲ ಆಡಿಸಿದೆ, ಅಂತ್ಯಾಕ್ಷರಿ ಆಡಿಸಿದೆ. ದಂಡದ ಡಬ್ಬಿಗೆ ಜೀವ ತುಂಬಿದೆ. ಈ ಕ್ಲಬ್ಬುಗಳಲ್ಲಿ ದಂಡ ಹಾಕಲಿಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಾನೆ. ರೋಟರಿಯಲ್ಲಿ ಸಾರ್ಜೆಂಟ್, ಲಯನ್ಸಿನಲ್ಲಿ ಬಾಲ ತಿರುಚುವವನು ಎಂಬರ್ಥದ ಟೇಲ್ ಟ್ವಿಸ್ಟರ್. ಪಿನ್ನು ಹಾಕದೆ ಬಂದರೆ ದಂಡ, ಹೊಸ ಕಾರು ತೆಗೆದುಕೊಂಡು ಹೇಳದೆ ಇದ್ದರೆ ದಂಡ, ಪೇಪರಿನಲ್ಲಿ ಫೋಟೋ ಬಂದರೆ ದುಪ್ಪಟ್ಟು ದಂಡ. ಎಲ್ಲರೂ ನಕ್ಕರು. ಜೋಗದ ಬಸ್ಸಿನಲ್ಲಿ ಮಾತ್ರ ಯಾರು ಯಾರ ಪಕ್ಕ ಕೂರುತ್ತಾರೆಂದು ನಾನು ಮೊದಲೇ ಬರೆದಿಟ್ಟುಕೊಳ್ಳಬಹುದಿತ್ತು, ಒಂದು ಸೀಟೂ ಆಚೀಚೆ ಆಗಲಿಲ್ಲ.

ಆ ಬಸ್ಸಿನ ಮೊದಲ ಸೀಟಿನಲ್ಲಿ ಅಡಿಕೆ ಮಂಡಿಯವರು, ಕೊನೆಯ ಸೀಟಿನಲ್ಲಿ ಕಂಟ್ರಾಕ್ಟರು. ಇವರ ಹೆಸರು ಬರೆಯುವುದಿಲ್ಲ, ಉದ್ಯೋಗದಿಂದಲೇ ಕರೆಯುತ್ತೇನೆ. ಇಬ್ಬರೂ ಒಂದೇ ವರ್ಷ ಎಸ್ಸೆಸ್ಸೆಲ್ಸಿ ಕೂತವರು. ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕಾರಣ ಒಂದು ಬಸ್ ತಂಗುದಾಣ. ಕ್ಲಬ್ಬುಗಳಿಗೆ ವರ್ಷ ಶುರುವಾಗುವುದು ಜುಲೈ ಒಂದಕ್ಕೆ. ಮಂಡಿಯವರು ಅಧ್ಯಕ್ಷರಾಗಿದ್ದಾಗ ಮಾರ್ಚ್ ತಿಂಗಳಲ್ಲಿ ಅಡಿಪಾಯ ಹಾಕಿದ ತಂಗುದಾಣಕ್ಕೆ ಮೇ ಕೊನೆಗೆ ಮಳೆ ಹಿಡಿಯಿತು. ಛಾವಣಿ ಆಗುವ ಹೊತ್ತಿಗೆ ಆಗಸ್ಟ್. ಅಷ್ಟರಲ್ಲಿ ಕಂಟ್ರಾಕ್ಟರು ಅಧ್ಯಕ್ಷರಾಗಿದ್ದರು. ಗ್ರಾನೈಟ್ ಫಲಕದಲ್ಲಿ ಅವರ ಹೆಸರು ಮೇಲೆ ದಪ್ಪಕ್ಷರದಲ್ಲಿ ಬಂತು, ಮಂಡಿಯವರದು ನಾಲ್ಕನೇ ಸಾಲಿನಲ್ಲಿ ಸಣ್ಣಕ್ಷರದಲ್ಲಿ. ದುಡ್ಡಿನ ಮುಕ್ಕಾಲು ಪಾಲು ಹೊಂದಿಸಿದ್ದು ಅವರು. ಬಣ್ಣ ಹೊಡೆದರೆ ಸರಿಹೋಗುತ್ತಿತ್ತು, ಗ್ರಾನೈಟಿನಲ್ಲಿ ಕೊರೆದದ್ದಕ್ಕೆ ಯಾರು ಏನು ಮಾಡಲಿಕ್ಕಾಗುತ್ತದೆ? ಕ್ಲಬ್ಬೇ ಎರಡು ಪಾರ್ಟಿ ಆಯಿತು. ಒಂದು ಪಾರ್ಟಿ ಕರೆದ ಸಭೆಗೆ ಇನ್ನೊಂದು ಬರಲೊಲ್ಲದು. ಆರು ಜನ ಸದಸ್ಯತ್ವ ಬಿಟ್ಟರು. ಇನ್ನು ಕೆಲವರು ಬಿಟ್ಟಿದ್ದರೆ ಕ್ಲಬ್ಬು ಮುಚ್ಚಬೇಕಾಗುತ್ತಿತ್ತು.

ಅದೇ ವರ್ಷ ಫ್ರೀಜರ್ ಬಾಕ್ಸ್ ಬಂದದ್ದು. ದೊಡ್ಡ ಊರಿನವರಿಗೆ ಇದು ಆಂಬುಲೆನ್ಸಿನವರ ಹತ್ತಿರ ಸಿಗುವ ವಸ್ತು, ನಮ್ಮಂಥ ಕಡೆ ಕ್ಲಬ್ಬೋ ಸಂಘವೋ ಇಟ್ಟುಕೊಂಡಿರಬೇಕು. ಹಿಂದೆ ಇದರ ಅಗತ್ಯವೇ ಇರಲಿಲ್ಲ. ಬೆಳಿಗ್ಗೆ ಹೋದವರನ್ನು ಸಂಜೆಯೊಳಗೆ ಸುಟ್ಟು ಬರುತ್ತಿದ್ದರು. ಮಗ ಅಡಿಕೆ ತೋಟದಲ್ಲಿರುತ್ತಿದ್ದ, ಮಗಳನ್ನು ಕೊಟ್ಟದ್ದು ಹೊಳೆ ದಾಟಿದರೆ ಸಿಗುವ ಊರಿಗೆ. ಈಗ ಮಗ ಪುಣೆಯಲ್ಲಿ, ಮಗಳು ಟೆಕ್ಸಾಸಿನಲ್ಲಿ, ವಿಮಾನ ಹತ್ತಿ ಬರುವವರೆಗೆ ಕಾಯಬೇಕು. ಕಾಯಲು ಹಿಂದೆ ನೆರೆಕೆರೆಯವರು ಇರುತ್ತಿದ್ದರು, ಅವರ ಮನೆಗಳೂ ಈಗ ಖಾಲಿ. ಈ ಕಡೆ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಸಾವಿಗೂ ಅದೇ ಲೆಕ್ಕ. ಒಟ್ಟಿಲು ಕಡಿಯಲು, ಹೆಗಲು ಕೊಡಲು ಕರೆಯಬೇಕಾಗಿರಲಿಲ್ಲ, ಬಾರದಿದ್ದವನನ್ನು ನೆನಪಿಟ್ಟುಕೊಳ್ಳುತ್ತಿದ್ದರು ಅಷ್ಟೇ.

ಬಾಕ್ಸ್ ಇಡಲು ಜಾಗ ಬೇಕಾಯಿತು. ನನ್ನ ಅಂಗಡಿಯ ಹಿಂದೆ ಗೋದಾಮು ಇತ್ತು, ರಾತ್ರಿ ಹತ್ತರವರೆಗೆ ತೆಗೆದಿರುತ್ತೇನೆ, ಆಮೇಲೂ ಮನೆ ಮೇಲೆಯೇ. ಹಾಗಾಗಿ ಬೀಗದ ಕೈ ನನ್ನ ಹತ್ತಿರ, ಬಾಕ್ಸಿನ ಮೇಲೆ ಬರೆದ ನಂಬರೂ ನನ್ನದೇ. ಮೊದಲು ಪಿಕಪ್ ಡ್ರೈವರ್ ಮತ್ತು ಇಬ್ಬರು ಹಮಾಲರನ್ನು ಕಳಿಸುತ್ತಿದ್ದೆವು. ಒಂದು ಸಲ ರಾತ್ರಿ ಹಮಾಲರು ಸಿಗಲಿಲ್ಲ. ಸತ್ತವರ ಮನೆಯವರೇ ಬಂದು ಹೊತ್ತುಕೊಂಡು ಹೋದದ್ದನ್ನು ನೋಡಿ ಡಾಕ್ಟರಿಗೆ ಬೇಸರವಾಯಿತು. ‘ನಾವು ಕೊಡೋದಾದ್ರೆ ನಾವೇ ಹೊರಬೇಕು’ ಎಂದು ಸಭೆಯಲ್ಲಿ ಪಾಳಿ ಮಾಡಿಸಿದರು. ವಾರಕ್ಕೆ ನಾಲ್ವರು. ಪಟ್ಟಿ ಮಾಡಿದ್ದು ಅಕಾರಾದಿಯಾಗಿ, ಅದರಲ್ಲಿ ಪಾರ್ಟಿ ನೋಡಲು ಬರುವುದಿಲ್ಲ. ಹೆಣದ ಪೆಟ್ಟಿಗೆ ಮುಟ್ಟುವುದಕ್ಕೆ ಮನೆಯಲ್ಲಿ ಒಪ್ಪುವುದಿಲ್ಲ ಎಂದು ಒಬ್ಬರು ರಾಜೀನಾಮೆ ಕೊಟ್ಟರು. ಅವರು ಬೇರೆ ಎಲ್ಲ ಕೆಲಸಕ್ಕೂ ಮುಂದಿದ್ದವರು, ನನಗೆ ಈಗಲೂ ಅವರ ಮೇಲೆ ಸಿಟ್ಟಿಲ್ಲ. ಉಳಿದವರ ಮನೆಗಳಲ್ಲಿ ಎಷ್ಟು ಹೊತ್ತಿಗೆ ಬಂದರೂ ಬಚ್ಚಲ ಹಂಡೆಗೆ ಬೆಂಕಿ ಹಾಕಿ ನೀರು ಕಾಯಿಸಿಡುವ ಕೆಲಸ ಹೆಂಗಸರಿಗೆ ಬಂತು. ಅವರು ಕ್ಲಬ್ಬಿನ ಸದಸ್ಯರಲ್ಲ, ಅವರಿಗೆ ಪಿನ್ನು ಕೊಟ್ಟಿಲ್ಲ.

ಪುನರ್ವಸು ಮಳೆ ಹೊಯ್ಯುತ್ತಿದ್ದ ಒಂದು ಸಂಜೆ ಫೋನ್ ಬಂತು. ಹದಿನಾಲ್ಕು ಕಿಲೋಮೀಟರ್ ದೂರದ ಒಂಟಿ ಮನೆ. ಸತ್ತವರು ನನಗೆ ಗೊತ್ತು. ತಿಂಗಳಿಗೊಮ್ಮೆ ಬಿಪಿ ಮಾತ್ರೆಗೆ ಬರುತ್ತಿದ್ದ ಅಜ್ಜಿ. ಪಟ್ಟಿಯಲ್ಲಿ ಮಾತ್ರೆ ಎರಡೆರಡು ಸಲ ಎಣಿಸಿ ಚೀಲಕ್ಕೆ ಹಾಕಿಕೊಳ್ಳುವವರು, ಮಿಡಿಯ ಕಾಲದಲ್ಲಿ ನನಗೆಂದೇ ಅಪ್ಪೆಮಿಡಿ ತರುವವರು. ಕಿರಿಯ ಮಗ ಮನೆಯಲ್ಲಿ, ದೊಡ್ಡವನು ಪುಣೆಯಿಂದ ಬರಬೇಕು. ಎರಡು ದಿನದಿಂದ ಆ ಕಡೆ ಕರೆಂಟಿಲ್ಲ. ಪಾಳಿ ನೋಡಿದರೆ ಡಾಕ್ಟರು, ಶಾಮಿಯಾನದವರು, ಮಂಡಿಯವರು, ಕಂಟ್ರಾಕ್ಟರು. ನಾನು ಯಾರಿಗೂ ಏನೂ ಹೇಳದೆ ನಾಲ್ವರಿಗೂ ಫೋನ್ ಮಾಡಿದೆ. ಅಜ್ಜಿಯ ಮುಖ ನೋಡಬೇಕಿತ್ತು, ನಾನೂ ಹೊರಟೆ. ಶಾಮಿಯಾನದವರು ಮದುವೆ ಮನೆಗೆ ಕೊಡುವ ಸಣ್ಣ ಜನರೇಟರ್ ಪಿಕಪ್ಪಿಗೆ ಹಾಕಿದರು.

ಗಾಡಿ ಹಳ್ಳದವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಅಡಿಕೆ ಮರದ ಸಂಕ. ಕೆಳಗೆ ಕೆಂಪು ನೀರು ಕಲ್ಲಿಗೆ ಬಡಿಯುತ್ತಿತ್ತು. ಆರೂವರೆ ಅಡಿ ಉದ್ದದ ಪೆಟ್ಟಿಗೆ, ಹಿಂದೆ ಡಾಕ್ಟರ ಬದಲು ಅಜ್ಜಿಯ ಕಿರಿಯ ಮಗ ಮತ್ತು ಶಾಮಿಯಾನದವರು, ಮುಂದೆ ಇವರಿಬ್ಬರು. ಎತ್ತರ ಸರಿಹೊಂದುವುದು ಇವರದೇ, ಅದಕ್ಕೇ ಮುಂದೆ. ನಾನು ಈಚೆ ದಡದಲ್ಲಿ ಟಾರ್ಚ್ ಹಿಡಿದಿದ್ದೆ. ಡಾಕ್ಟರು ಆಚೆ. ಸಂಕದ ನಡುವೆ ಮಂಡಿಯವರ ದನಿ ಕೇಳಿತು, ‘ಎಡಗಡೆ ಮರ ಕೊಳೆತಿದೆ, ಬಲಕ್ಕೆ ಬಾ.’ ಒಂದು ಕ್ಷಣ ಪೆಟ್ಟಿಗೆ ನಿಂತಿತು. ‘ನೀ ನಿನ್ನ ಕಾಲು ನೋಡ್ಕೋ ಮಾರಾಯ’ ಎಂದರು ಕಂಟ್ರಾಕ್ಟರು. ಅಷ್ಟೇ. ಆಮೇಲೆ ದಡ ಸೇರುವವರೆಗೆ ಇಬ್ಬರೂ ಒಬ್ಬರಿಗೊಬ್ಬರು ಹೆಜ್ಜೆ ಹೇಳುತ್ತಲೇ ಹೋದರು. ಹೇಳದೆ ಇದ್ದರೆ ಎಲ್ಲರೂ ಹಳ್ಳಕ್ಕೆ ಬೀಳುತ್ತಿದ್ದರು, ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ.

ಜನರೇಟರ್ ಕೊಟ್ಟಿಗೆಯ ಮಾಡಿನ ಕೆಳಗಿಟ್ಟು ತಂತಿ ಎಳೆದು ಬಾಕ್ಸ್ ಚಾಲೂ ಮಾಡಿದಾಗ ಒಂಬತ್ತು ದಾಟಿತ್ತು. ಇಟ್ಟು ಬರಬಹುದು ಎಂದುಕೊಂಡು ಹೋಗಿದ್ದೆವು. ಆದರೆ ಎರಡೂವರೆ, ಮೂರು ತಾಸಿಗೊಮ್ಮೆ ಪೆಟ್ರೋಲ್ ಹಾಕಬೇಕು, ನಿಂತರೆ ಹಗ್ಗ ಎಳೆದು ಮತ್ತೆ ಹೊರಡಿಸಬೇಕು, ಮನೆಯಲ್ಲಿದ್ದ ಗಂಡಸು ಒಬ್ಬನೇ, ಅವನಿಗೆ ತಾಯಿ ಸತ್ತಿದ್ದಾಳೆ. ಯಾರೂ ಹೊರಡೋಣ ಎನ್ನಲಿಲ್ಲ. ಜಗಲಿಯ ಮೇಲೆ ಕೂತರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಗುಡ್ಡದ ಆಚೆ ಮನೆಯಿಂದ ಯಾರೋ ಕಂಬಳಿಕೊಪ್ಪೆ ಹಾಕಿಕೊಂಡು ಬಂದು ಅವಲಕ್ಕಿ, ಬೆಲ್ಲದ ಕಾಫಿ ಕೊಟ್ಟು ಹೋದರು. ನಾಲ್ವರೂ ಒಂದೇ ಬುಟ್ಟಿಯಿಂದ ತೆಗೆದುಕೊಂಡು ತಿಂದರು. ಮೂವತ್ತು ವರ್ಷದ ಹಿಂದಾದರೆ ಇವರಲ್ಲಿ ಒಬ್ಬರು ಆ ಜಗಲಿ ಹತ್ತುವಂತಿರಲಿಲ್ಲ, ಅಂಗಳದಲ್ಲೇ ನಿಲ್ಲಬೇಕಿತ್ತು. ಅವರು ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನಾನು ಒಳಗೆ ಹೆಂಗಸರ ಜೊತೆ ಇದ್ದೆ. ಮಳೆಗಾಲದ ತೇವಕ್ಕೆ ಬಾಕ್ಸಿನ ಗಾಜಿನ ಮೇಲೆ ಮಂಜು ಕೂರುತ್ತದೆ, ಒಳಗಿನ ಮುಖ ಕಾಣಿಸದಂತೆ. ‘ಇದನ್ನ ಒರೆಸಬಹುದಾ ಅಕ್ಕಾ, ಎಂತದೂ ಆಗಲ್ವಾ?’ ಎಂದು ಸೊಸೆ ಕೇಳಿದಳು. ಏನೂ ಆಗುವುದಿಲ್ಲ ಎಂದೆ. ರಾತ್ರಿಯಿಡೀ ಹತ್ತು ನಿಮಿಷಕ್ಕೊಮ್ಮೆ ಸೆರಗಿನಿಂದ ಆ ಗಾಜು ಒರೆಸಿದಳು. ಒರೆಸಿದಾಗೆಲ್ಲ ಅಜ್ಜಿ ಕಾಣುತ್ತಿದ್ದರು, ಮತ್ತೆ ಮಸುಕಾಗುತ್ತಿದ್ದರು. ಅತ್ತೆ ಸೊಸೆಗೆ ಅಷ್ಟಕ್ಕಷ್ಟೇ ಎಂದು ಅಜ್ಜಿಯೇ ನನ್ನ ಅಂಗಡಿಯಲ್ಲಿ ಎಷ್ಟೋ ಸಲ ಹೇಳಿದ್ದರು.

ಒಂದು ಗಂಟೆಗೆ ಪೆಟ್ರೋಲ್ ಸಾಲದು ಎಂದು ಗೊತ್ತಾಯಿತು. ಪೇಟೆಗೆ ಹೋಗಿ ಬಂಕಿನವರನ್ನು ಎಬ್ಬಿಸಬೇಕು. ದಾರಿಯಲ್ಲಿ ಮರ ಬಿದ್ದಿದ್ದರೆ ಒಬ್ಬನಿಂದ ಆಗುವುದಿಲ್ಲ. ಮಂಡಿಯವರು ಪಿಕಪ್ಪಿನ ಕೀಲಿ ತೆಗೆದುಕೊಂಡರು, ಕಂಟ್ರಾಕ್ಟರು ಕತ್ತಿ ಟಾರ್ಚ್ ಹಿಡಿದು ಹಿಂದೆ ಹೊರಟರು. ತಿರುಗಿ ಬರಲು ಎರಡು ತಾಸು ಹಿಡಿಯಿತು. ಹೋಗುವಾಗ ಬರುವಾಗ ಏನು ಮಾತಾಡಿದರೋ ಮಾತೇ ಆಡಲಿಲ್ಲವೋ ನನಗೆ ಗೊತ್ತಿಲ್ಲ, ನಾನು ಕೇಳಿಲ್ಲ. ಬೆಳಗಿನ ಜಾವ ನಾನು ಜಗಲಿಗೆ ಬಂದಾಗ ಡಾಕ್ಟರು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಇವರಿಬ್ಬರೂ ಹೈಸ್ಕೂಲಿನ ಡ್ರಿಲ್ ಮೇಷ್ಟರ ಬಗ್ಗೆ ಏನೋ ಹೇಳಿಕೊಂಡು, ಸಾವಿನ ಮನೆ ಎಂದು ನೆನಪಾಗಿ, ನಗು ತಡೆದು ಹೆಗಲು ಕುಲುಕಿಸುತ್ತಿದ್ದರು.

ಪುಣೆಯ ಮಗ ಬಂದದ್ದು ಹನ್ನೊಂದಕ್ಕೆ. ಎಲ್ಲ ಮುಗಿದ ಮೇಲೆ ಬಾಕ್ಸನ್ನು ಫಿನಾಯಿಲ್ ಹಾಕಿ ತೊಳೆದು, ಅದೇ ಸಂಕದ ಮೇಲೆ ಅದೇ ನಾಲ್ವರು ಹೊತ್ತು ತಂದರು.

ಇದರಿಂದ ಕ್ಲಬ್ಬು ಬದಲಾಯಿತು ಎಂದೇನೂ ಹೇಳಲಾರೆ. ಹಿಂದಿನ ಎರಡು ಬಾಗಿಲು ಹಾಗೇ ಇವೆ, ಫಲಕವೂ ಹಾಗೇ ಇದೆ. ಬಿಟ್ಟುಹೋದ ಆರರಲ್ಲಿ ಇಬ್ಬರು ಮಾತ್ರ ವಾಪಸ್ ಬಂದರು. ಆದರೆ ಪಾಳಿಯಲ್ಲಿ ಒಂದು ರಾತ್ರಿ ಒಟ್ಟಿಗೆ ಕಳೆದವರು ಮುಂದಿನ ಸಭೆಯಲ್ಲಿ ಯಾವ ಬಾಗಿಲಿಗೆ ಹೋಗಬೇಕೆಂದು ಸ್ವಲ್ಪ ತಡವರಿಸುತ್ತಾರೆ, ಎರಡರ ನಡುವಿನ ಕಾರಿಡಾರಿನಲ್ಲೇ ತಟ್ಟೆ ಹಿಡಿದು ನಿಂತುಬಿಡುತ್ತಾರೆ. ಈಗ ಅಲ್ಲಿ ನಾಲ್ಕು ಕುರ್ಚಿ ಹಾಕಿಸಿದ್ದೇನೆ. ನಾನೂ ಅಲ್ಲೇ ಉಣ್ಣುವುದು.

ಜೂನ್ ಕೊನೆಗೆ ವಾರ್ಷಿಕ ವರದಿ ತುಂಬಲು ಸೆಕ್ರೆಟರಿ ಅಂಗಡಿಗೆ ಬಂದಿದ್ದ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು, ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಸೇವೆಗೆ ಒಂದು ಪುಟ, ಫೆಲೋಶಿಪ್ಪಿಗೆ ಒಂದು ಪುಟ.

‘ಫೆಲೋಶಿಪ್ ಎಷ್ಟು ಬರೀಲಿ ಅಕ್ಕಾ?’

‘ಎರಡು. ಜೋಗ, ತಂಬೋಲ.’

ಫ್ರೀಜರ್ ಬಾಕ್ಸಿನ ರಿಜಿಸ್ಟರ್ ಸೇವೆಯ ಪುಟಕ್ಕೆ ಹೋಯಿತು. ಅಲ್ಲಿ ಪ್ರತಿ ಸಲಕ್ಕೂ ಫಲಾನುಭವಿಗಳ ಸಂಖ್ಯೆ ತುಂಬಬೇಕು. ಅವನು ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತ. ‘ಒಂದು ಅಂತ ಬರೀಲಾ?’ ಎಂದ. ಖಾಲಿ ಬಿಡು ಎಂದೆ.

ಈಗ ಬಾಕ್ಸಿನ ಮುಚ್ಚಳದ ರಬ್ಬರ್ ಸವೆದಿದೆ, ತಂಪು ನಿಲ್ಲುವುದಿಲ್ಲ, ಮಳೆಗಾಲದೊಳಗೆ ಹಾಕಿಸಬೇಕಿತ್ತು. ಶಿವಮೊಗ್ಗದಲ್ಲಿ ಸಿಗುತ್ತದಂತೆ. ಮಂಡಿಯವರೂ ಕಂಟ್ರಾಕ್ಟರೂ ತಾವೇ ಹೋಗಿ ತರುತ್ತೇವೆ ಎಂದು ಹೇಳಿ ಮೂರು ವಾರವಾಯಿತು. ಯಾರ ಕಾರಿನಲ್ಲಿ ಹೋಗುವುದು ಎಂಬ ಬಗ್ಗೆ ಇಬ್ಬರಿಗೂ ಜಗಳ ನಡೆದಿದೆ, ಇನ್ನೂ ಹೊರಟಿಲ್ಲ.